ಸೂರು ತಗ್ಗಿದ ಕಡೆ

ಮೇಟಗಳ್ಳಿಯ ಕೊನೇ ಶೆಡ್ಡು. ಬಣ್ಣ ಅರೆಯುವ ಯಂತ್ರದ ಪಕ್ಕ
ಗೂಡಿನಂಥ ಕೋಣೆಯಲ್ಲಿ
ಫಿಲೋಮಿನಾ ಗಾಜಿನ ಮೇಲೆ ಬಣ್ಣ ಎಳೆಯುತ್ತಾಳೆ,
ಕಾವಲಿಗೆ ಹಿಟ್ಟು ಎಳೆದ ಹಾಗೆ, ಆದರೆ ನೆಟ್ಟಗೆ,
ಕೂದಲೆಳೆಗಿಂತ ಚೂರೇ ದಪ್ಪ.
ಆಮೇಲೆ ಕಾಯುತ್ತಾಳೆ. ಸಂಬಳ ಕೊಡುವುದೇ ಅದಕ್ಕೆ:
ಒಣಗುವುದನ್ನು ನೋಡುವುದಕ್ಕೆ.

ಮೊನ್ನೆ ಮಂಡಿಮೊಹಲ್ಲಾದಿಂದ ಗೋಡೆಯ ದೂರು ಬಂತು.
ಒರಗಿದವರ ಬೆನ್ನಿಗೆಲ್ಲ ಬಿಳಿ ಪುಡಿ.
ಅಂಗಡಿಯ ಮುನೀರ್ ಸಾಹೇಬರು ತಮ್ಮ ಕರಿ ಕೋಟನ್ನೇ ತಂದು
ನನ್ನ ಮೇಜಿನ ಮೇಲೆ ಹರಡಿದರು,
ಸಾಕ್ಷಿ ಹೇಳು ಎಂಬಂತೆ.
ಡಬ್ಬಿ ನಮ್ಮದು. ಅಳತೆ ನನ್ನದು.
ದಪ್ಪ ಕಾಳು ಇಷ್ಟು, ನುಣ್ಣಗಿನದು ಅಷ್ಟು,
ಪುಸ್ತಕದಲ್ಲಿದೆ. ಒಂದೂ ತಪ್ಪಿಲ್ಲ.

"ಅಳತೆ ಸರಿ. ಒಣಗಿದ್ದು ಹೇಗೆ, ಕೇಳಿದಿರಾ?"
ಕೇಳಿರಲಿಲ್ಲ.
ಏಪ್ರಿಲ್ ಬಿಸಿಲು, ನಿಲ್ಲುವ ಫ್ಯಾನು ಎರಡು,
ಮಾರನೇ ದಿನವೇ ಅಂಗಡಿ ತೆರೆಯುವ ತರಾತುರಿ.

ಪಾಂಡವಪುರದ ಕಣದಲ್ಲಿ ನನ್ನಜ್ಜಿ ಜರಡಿ ಆಡಿಸಿದರೆ
ದೊಡ್ಡದು ಮೇಲೆ, ಸಣ್ಣದು ಕೆಳಗೆ.
ಸೇರು ಕುಕ್ಕಿದರೂ ಅಷ್ಟೇ.
ಲೋಕದ ಕಾನೂನು ಅದೇ ಎಂದುಕೊಂಡು
ಐವತ್ತು ದಾಟಿದ್ದೇನೆ.

ಅವಳು ಹಳೇ ಕ್ಯಾಲೆಂಡರಿನ ಬೆನ್ನಿಗೆ ಚಿತ್ರ ಬರೆದಳು.
ನೀರು ಆರುತ್ತದೆ. ಆರಿದಷ್ಟೂ ಅದರ ಸೂರು
ಕೆಳಗೆ ಇಳಿಯುತ್ತದೆ.
ಸೂರಿಗೆ ಸಿಕ್ಕ ಸಣ್ಣವು ಅಲ್ಲೇ ಒತ್ತೊತ್ತು, ಸಾವಿರ, ಲಕ್ಷ.
ಶಾಲೆ ಬಿಟ್ಟಾಗ ಮಕ್ಕಳ ನಡುವೆ ಸಿಕ್ಕ ಎಮ್ಮೆ
ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡುವ ಹಾಗೆ
ದೊಡ್ಡವು ಕೆಳಗೆ ಸರಿಯುತ್ತವೆ.
ಒಣಗಿದ ಮೇಲೆ ಮೈಗೆಲ್ಲ ಬರೀ ನುಣ್ಣಗಿನ ಪುಡಿ,
ಹಿಡಿದುಕೊಳ್ಳಲು ಅಂಟು ಸಾಲದು.

"ಅಂತೂ ಸಣ್ಣವರೂ ಮೇಲೆ ಬಂದರು ಅನ್ನಿ!"
ನಾನು ನಕ್ಕೆ. ಏನೋ ದೊಡ್ಡ ಮಾತು ಹೇಳಿದ ಖುಷಿ.
ಅವಳು ನಗಲಿಲ್ಲ.
"ಮೇಲೆ ಯಾರೂ ಬರಲಿಲ್ಲ, ಸಾರ್.
ಅವು ಇದ್ದಲ್ಲೇ ಸಿಕ್ಕಿಬಿದ್ದವು. ಸೂರೇ ಬಂದು ಕೂತಿತು."

ಅಷ್ಟರಲ್ಲಿ ಪುಸ್ತಕದ ಹಾಳೆಯ ಮೇಲೆ
ಬೆಳಗಿನ ಕಾಫಿಯ ಹನಿ ಒಣಗಿತ್ತು,
ನಡುವೆ ಬೋಳು, ಸುತ್ತ ಕಂದು ಕಟ್ಟು.
ಭೂತಗನ್ನಡಿ ನನ್ನ ಕೈಗಿಟ್ಟಳು.
ಅಂಚಿನ ತುತ್ತತುದಿಗೆ ನುಣ್ಣನೆಯ ಗಸಿ,
ದಪ್ಪ ಗಸಿ ಒಂದು ಗೆರೆ ಈಚೆಗೇ ನಿಂತಿದೆ.
ತುದಿಗೆ ಹೋಗುತ್ತಾ ನೀರು ತೆಳ್ಳಗೆ,
ಸೂರು ತಗ್ಗು, ತಲೆ ತಾಕುತ್ತದೆ.

ನಮ್ಮ ಹಳೇ ಹಟ್ಟಿ ನೆನಪಾಯಿತು.
ಹೆಂಚು ಇಳಿದ ಮೂಲೆಗೆ ಕೋಳಿ ನುಸುಳುತ್ತಿತ್ತು,
ಬೆಕ್ಕು ನುಸುಳುತ್ತಿತ್ತು, ನಾನೂ.
ಅಪ್ಪ ಮೊಟ್ಟೆ ಹುಡುಕಲು ಬಂದು
ಮೊಣಕಾಲೂರಿ ಅಲ್ಲಿಯೇ ಕೂತುಬಿಡುತ್ತಿದ್ದ,
ಕೈ ಮಾತ್ರ ಚಾಚಿ.

ಸಂಜೆ ಎರಡು ಗಾಜು ಎಳೆದಳು. ಬಣ್ಣ ಒಂದೇ ಡಬ್ಬಿಯದು.
ಒಂದನ್ನು ಫ್ಯಾನಿನ ಕೆಳಗಿಟ್ಟಳು,
ಇನ್ನೊಂದನ್ನು ಒದ್ದೆ ಗೋಣಿ ಹೊದಿಸಿದ ಪೆಟ್ಟಿಗೆಯಲ್ಲಿ.
ಅದರೊಳಗೆ ಸೂರು ನಿಧಾನ ಇಳಿಯುತ್ತದಂತೆ,
ಸಣ್ಣವಕ್ಕೂ ದೊಡ್ಡವಕ್ಕೂ
ಅಲೆದಾಡಿ ಮತ್ತೆ ಬೆರೆಯಲು ಹೊತ್ತು ಸಿಗುತ್ತದಂತೆ.
ಬಸ್ಸಿಗೆ ಹೊತ್ತಾಯಿತು ಎಂದು ಓಡಿದಳು.

ಬೆಳಿಗ್ಗೆ ಬಂದು ಮೊದಲನೆಯದನ್ನು ಉಜ್ಜಿದೆ, ಬೆರಳು ಬಿಳಿ.
ಎರಡನೆಯದನ್ನು ಮುಟ್ಟಿದರೆ ಇನ್ನೂ ಹಸಿ.
ಬೆರಳಚ್ಚು ಮೂಡಿತು. ಬೈಸಿಕೊಂಡೆ.

ಮುನೀರ್ ಸಾಹೇಬರಿಗೆ ಫೋನು ಮಾಡಿದೆ:
ಗೋಡೆಗೆ ಮತ್ತೆ ಬಳಿಸಿಕೊಡುತ್ತೇವೆ, ಖರ್ಚು ನಮ್ಮದು,
ಆದರೆ ಫ್ಯಾನು ಹಾಕಬೇಡಿ, ಎರಡು ದಿನ ಬಾಗಿಲು ಮುಚ್ಚಿಡಿ.
"ಎರಡು ದಿನಾನಾ?" ಆ ಕಡೆ ಬಹಳ ಹೊತ್ತು ಮೌನ.
ಕೋಟು ಇನ್ನೂ ನನ್ನ ಕುರ್ಚಿಯ ಬೆನ್ನಿಗಿತ್ತು.