ಟ್ರಯಲ್

ದುರ್ಗಿಗುಡಿಯ ಅಡ್ಡರಸ್ತೆ. ಮಹಡಿಯ ಮೇಲೆ
ಪ್ರಕೃತಿ ಚಿಕಿತ್ಸೆಯ ಕ್ಲಿನಿಕ್ಕು,
ಕೆಳಗೆ ನನ್ನ ಹೊಲಿಗೆ ಅಂಗಡಿ.
ಅಲ್ಲಿಯವರ ಸೊಂಟನೋವು ಬಾತ್‌ಟಬ್ಬಿನಲ್ಲಿ ಕರಗಿ
ನನ್ನ ಕತ್ತರಿ ಮೇಜಿನ ಮೇಲೆ ಬೀಳುತ್ತಿತ್ತು,
ಟಪ್.

ಮೊದಲ ಸಲ ಬಿದ್ದದ್ದು ಮದುವೆ ಕುಪ್ಪಸದ ಮೇಲೆ,
ಗಿಣಿಹಸಿರು ರೇಷ್ಮೆ, ಹೊಸನಗರದವರದು.
ಕಲೆ ಹೋಗಲಿಲ್ಲ. ಅದರ ಮೇಲೊಂದು ನವಿಲು ಕಸೂತಿ ಹಾಕಿದೆ.
ನವಿಲಿಗೆಂದು ಅವರು ಐವತ್ತು ರೂಪಾಯಿ ಜಾಸ್ತಿ ಕೊಟ್ಟರು.
ನಾನು ಬಾಯಿ ಬಿಡಲಿಲ್ಲ.

ದಸ್ತಗೀರ್ ಸಾಬರು ಬಂದರು. ಏಣಿ ಹತ್ತಿದರು.
ಸೂರಿನ ಹಲಗೆ ಬಿಚ್ಚಿ ತೋರಿಸಿದರು:
ಕುತ್ತಿಗೆ ಬಾಗಿಸಿದ ಕೊಳವೆ, ನೀರು ಕುಡಿಯುವ ಬಾತುಕೋಳಿ ಹಾಗೆ.
"ಇದು ಟ್ರ್ಯಾಪು ಕಣಕ್ಕ. ಇದರ ಹೊಟ್ಟೇಲಿ
ಯಾವಾಗಲೂ ಒಂದು ಲೋಟ ನೀರು ನಿಂತಿರಬೇಕು.
ಆ ನೀರೇ ಬಾಗಿಲು. ಮೋರಿ ವಾಸನೆ
ಅದನ್ನ ದಾಟಿ ಮೇಲೆ ಬರೋದಿಲ್ಲ."
ನೀರಿಗೂ ಬಾಗಿಲಿನ ಕೆಲಸ ಉಂಟೆಂದು
ನನಗೆ ಗೊತ್ತಾದದ್ದು ಅವತ್ತೇ.

ಬಿಳಿ ಟೇಪು ಸುತ್ತಿದರು. ಮೇಲಿಂದ ಎರಡು ಬಕೀಟು ಸುರಿದರು.
ಒಣ. ಇನ್ನೂರು ರೂಪಾಯಿ.
ಮೂರು ದಿನಕ್ಕೆ ಟಪ್.
ವಾಷರು ಬದಲಿಸಿದರು. ಎರಡು ಬಕೀಟು. ಒಣ.
ವಾರಕ್ಕೆ ಟಪ್.
ಎಂ-ಸೀಲು ಮೆತ್ತಿದರು,
ಮದುಮಗಳ ಕೈಗೆ ಮದರಂಗಿ ಇಡುವಷ್ಟು ನಿಧಾನ.
ಕೊನೆಗೆ ಗಾಂಧಿಬಜಾರಿನಿಂದ ಹೊಸ ಟ್ರ್ಯಾಪನ್ನೇ ತಂದರು.
ಟಪ್.
ಆ ಸಲ ದುಡ್ಡು ತಗೊಳ್ಳಲಿಲ್ಲ.
"ಮೂವತ್ತು ವರ್ಷದ ಕೈ ಇದು" ಅಂತ
ತಮ್ಮ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡರು.

ಮೂವತ್ತು ವರ್ಷದ ಕೈ ನನಗೂ ಉಂಟು.
ಅಳತೆ ಪುಸ್ತಕದ ಹಿಂದಿನ ಹಾಳೆಯಲ್ಲಿ
ಹನಿ ಬಿದ್ದ ಹೊತ್ತು ಬರೆದಿಟ್ಟೆ:
ಮಂಗಳವಾರ ಹತ್ತೂವರೆ. ಶುಕ್ರವಾರ ಹತ್ತೂವರೆ.
ಭಾನುವಾರ ಇಲ್ಲ. ಟಬ್ಬು ತೊಳೆಯುವ ದಿನವೂ ಇಲ್ಲ.
ಬೀಳುವ ಮುಂಚೆ ಸೂರಿನಲ್ಲೊಂದು ಕಿರ್ ಸದ್ದು,
ಯಾರೋ ದೊಡ್ಡ ಮೈಯವರು ಉಸಿರು ಬಿಟ್ಟು ಕೂತ ಹಾಗೆ.

ಹ್ಯಾಂಗರಿಗೆ ಹಾಕಿದಾಗ ಎಲ್ಲ ಕುಪ್ಪಸವೂ ಸರಿಯೇ.
ತೊಟ್ಟವಳು ತೋಳೆತ್ತಿ ತುರುಬು ಕಟ್ಟುವಾಗ
ಕಂಕುಳಲ್ಲಿ ಬಿರಿಯುತ್ತದೆ.
ಟ್ರಯಲ್ ನೋಡದೆ ಕೊಟ್ಟದ್ದು ವಾಪಸು ಬಂದೇ ಬರುತ್ತದೆ.
"ಸಾಬರೇ," ಅಂದೆ, "ಖಾಲಿ ಟಬ್ಬಿಗೆ ನೀರು ಸುರಿದು ನೋಡ್ತೀರಿ.
ಒಳಗೆ ಮೈ ಇಟ್ಟು ನೋಡಿದ್ದೀರಾ?"

ಅವರದು ನಲವತ್ತೆಂಟು ಕೆಜಿ. ಡಾಕ್ಟರ್ ಸುಕನ್ಯಾ ಇನ್ನೂ ಕಮ್ಮಿ.
ಇಬ್ಬರೂ ನನ್ನನ್ನು ನೋಡಿದರು.
ಮರ್ಯಾದೆಗೆ ಗೋಡೆ ನೋಡಿದರು.
ಸರಿ ಮಾರಾಯ್ರೆ, ನಾನೇ.

ಬಾಗಿಲು ಹಾಕಿಕೊಂಡು, ಕ್ಲಿನಿಕ್ಕಿನ ನಿಲುವಂಗಿಯಲ್ಲಿ,
ಕೊರಳಲ್ಲಿ ಅಳತೆ ಟೇಪು ಮರೆತು, ಇಳಿದೆ.
ಚೊಂಬಿನಲ್ಲಿ ಮೊಗೆದು ಹೊಯ್ದುಕೊಂಡೇ ಐವತ್ತಾರು ವರ್ಷ.
ತುಂಗೆಯಲ್ಲಿ ಮುಳುಗಿದ್ದುಂಟು, ಅಲ್ಲಿ ಹೊಳೆ ಎಳೆಯುತ್ತಿತ್ತು.
ಇದು ಎಳೆಯಲಿಲ್ಲ. ಎತ್ತಿ ಹಿಡಿಯಿತು.
ಪೆಡಲು ತುಳಿದ ಮಂಡಿಗಳು
ಮೊದಲು ಎಡದ್ದು, ಆಮೇಲೆ ಬಲದ್ದು,
ಸುಮ್ಮನಾದವು.

ಕೆಳಗಿಂದ, ನನ್ನದೇ ಮೇಜಿನ ಮೇಲೆ ನಿಂತು, ಸಾಬರ ಕೂಗು:
"ಬಂತಕ್ಕ! ಟಬ್ಬೇ ಬಗ್ತದೆ! ಎರಡು ನೂಲು ಇಳಿದು
ನಟ್ಟು ಬಾಯಿ ಬಿಡ್ತದೆ! ಟ್ರ್ಯಾಪಿನದು ಏನೂ ತಪ್ಪಿಲ್ಲ!"
ಪಾಪ ಬಾತುಕೋಳಿ,
ಒಂದು ವರ್ಷ ಸುಮ್ಮನೆ ಬೈಸಿಕೊಂಡಿತ್ತು.
"ಸಾಕು, ಏಳಕ್ಕ!"

"ಕೇಳಿಸ್ತಿಲ್ಲ," ಅಂದೆ.
"ಇನ್ನೊಂದು ಸಲ ಸರಿಯಾಗಿ ನೋಡಿ."

ಟಬ್ಬಿನ ಹೊಟ್ಟೆಗೆ ಇಟ್ಟಿಗೆ ಕೊಟ್ಟು ಗಾರೆ ತುಂಬಿದರು.
ಕೊಳವೆಗೆ ಬಗ್ಗುವ ರಬ್ಬರಿನ ಕತ್ತು,
ನಾವು ಹೊಲಿಗೆಯೊಳಗೆ ಮಾರ್ಜಿನ್ ಬಿಡುವ ಹಾಗೆ.
ಹನಿ ನಿಂತಿತು. ಬಕೀಟಿಗೆ ಈಗ ಚೂರುಬಟ್ಟೆ ತುಂಬುತ್ತೇನೆ.

ಆದರೂ ಮಂಗಳವಾರ ಹತ್ತೂವರೆಗೆ
ಮಿಶನ್ನು ನಿಲ್ಲಿಸಿ ತಲೆಯೆತ್ತುತ್ತೇನೆ,
ಕಿರ್ ಅನ್ನದ ಸೂರಿನ ಕಡೆ.
ಯಾರೋ ಏನೋ, ಹೆಸರು ಗೊತ್ತಿಲ್ಲ ಅವರದು.
ನೀರು ಬಿಸಿ ಸಾಕಾ
ಅಂತ ಕೇಳಬೇಕೆನಿಸುತ್ತದೆ.