ನಾನೂರು ಗ್ರಾಂ

ಆದಿಉಡುಪಿಯಲ್ಲಿ, ಬೇಕರಿಯ ಮೇಲಿನ ಮಾಳಿಗೆಯಲ್ಲಿ
ನಾವು ತಕ್ಕಡಿಗಳಿಗೆ ಲೆಕ್ಕ ಕಲಿಸುತ್ತೇವೆ.
ಮೀನಿನ ತಕ್ಕಡಿ, ಗೇರುಬೀಜದ ತಕ್ಕಡಿ, ಗುಜರಿಯವರದ್ದು,
ಒಂದು ಸಲ ಹೆರಿಗೆ ಆಸ್ಪತ್ರೆಯದ್ದು ಕೂಡ.
ಹದಿನೇಳು ಪ್ರೋಗ್ರಾಂ. ಹದಿನೇಳರ ನೆತ್ತಿಯಲ್ಲೂ
ಬಲೆಕಣ್ಣಿನಂಥ ಒಂದು ಗುರುತು, ಆಮೇಲೆ ಒಂದೇ ಸಾಲು:
ಲಿಗೋರಿ ಸರ್ ಬರೆದ ಹೆಡರ್ ಫೈಲನ್ನು
ಒಳಗೆ ಕರೆಯುವ ಸಾಲು.

ದೊಡ್ಡದು ಯಾವುದೆಂದು ಹೇಳುವ ಮ್ಯಾಕ್ರೊ ಅದರಲ್ಲಿ,
ಅರೇಗೆ ಎಷ್ಟು ಮನೆಯೆಂದು ಎಣಿಸುವ ಮ್ಯಾಕ್ರೊ,
ಗುಂಡಿ ಒತ್ತಿದ ಬೆರಳಿನ ನಡುಕ ನಿಲ್ಲುವವರೆಗೆ
ಕಾಯುವ ಮ್ಯಾಕ್ರೊ.
ಕೆಲವು ಬರೀ ಘೋಷಣೆ. ಇಂಥದೊಂದು ಫಂಕ್ಷನ್ ಇದೆ,
ಎಲ್ಲಿ ಎಂದು ಕೇಳಬೇಡ, ನಂಬಿ ಮುಂದೆ ಹೋಗು,
ಲಿಂಕರ್ ಹುಡುಕಿಕೊಳ್ಳುತ್ತದೆ.
ಬಾಗಿಲಲ್ಲಿ ಕಾವಲು ಬೇರೆ:
ಒಮ್ಮೆ ಬಂದವರು ಮತ್ತೆ ಬರುವಂತಿಲ್ಲ.

ಸರ್ ಕೂಡ ಒಮ್ಮೆಯೇ ಬಂದದ್ದು, ನಾನು ಸೇರಿದ ವಾರ,
ಕಂಕುಳಲ್ಲಿ ಕೊಡೆ, ಕೈಯಲ್ಲಿ ಬನ್ಸಿನ ಪೊಟ್ಟಣ.
"ಮ್ಯಾಕ್ರೊ ಅಂದರೆ ಕರೆದಾಗ ಓಡಿಬರುವ ಆಳಲ್ಲ ಬಾಯೆ,
ಕರೆದಲ್ಲೇ ಅಚ್ಚಾಗುವ ಮಾತು.
ಕೊಟ್ಟದ್ದನ್ನು ಕೊಟ್ಟ ಹಾಗೇ ಆಡುತ್ತದೆ.
ನಿನ್ನ ಮನಸ್ಸಲ್ಲಿದ್ದದ್ದು ಅದಕ್ಕೆ ಗೊತ್ತಿಲ್ಲ."
ಕಲ್ಯಾಣಪುರದ ಬಸ್ಸು ಹತ್ತಿದರು.
ಮಾರ್ಚಿನಲ್ಲಿ ಸುದ್ದಿ ಬಂತು.

ಬೋಟುಗಳು ದಡ ಹತ್ತಿದ ಜುಲೈ. ಕೆಲಸವಿಲ್ಲದೆ
ಮೊದಲ ಸಲ ಪೂರ್ತಿ ಓದಿದೆ.
ನಾನೂರ ಹನ್ನೆರಡನೇ ಸಾಲು, ನಿವ್ವಳ ತೂಕ:
ಒಟ್ಟಿನಿಂದ, ಕೊಟ್ಟದ್ದನ್ನು ಕಳೆ.
ಕೊಟ್ಟದ್ದರ ಸುತ್ತ ಬ್ರಾಕೆಟ್ಟಿಲ್ಲ.
ಉಳಿದ ಹದಿನಾರು ಒಂದೊಂದೇ ಅಂಕಿ ಕೊಡುತ್ತಿದ್ದವು,
ತಪ್ಪು ನಿದ್ದೆಯಲ್ಲಿತ್ತು.
ಮಲ್ಪೆಯ ಪ್ರೋಗ್ರಾಂ ಮಾತ್ರ ಕೊಟ್ಟದ್ದು
ಬುಟ್ಟಿ ಕೂಡಿಸು ಮಂಜುಗಡ್ಡೆಯ ನೀರು.
ಬುಟ್ಟಿ ಕಳೆಯಿತು. ನೀರು ಕೂಡಿತು.
ಇನ್ನೂರು ಇಳಿಯಬೇಕಾದಲ್ಲಿ ಇನ್ನೂರು ಏರಿ
ಬುಟ್ಟಿ ಬುಟ್ಟಿಗೂ ನಾನೂರು ಗ್ರಾಂ, ಇಲ್ಲದ ಮೀನು.
ಒಂಬತ್ತು ವರ್ಷ.
ಪಕ್ಕದಲ್ಲಿ ಇಂಗ್ಲಿಷ್ ಅಕ್ಷರದ ತುಳು ಕಮೆಂಟು:
ಮುಟ್ಟಡೆ.

ಮುಟ್ಟಿದೆ.
ಮರುವಾಯಿಯ ಎರಡು ಚಿಪ್ಪಿನ ಹಾಗೆ
ಆಚೆಗೊಂದು ಈಚೆಗೊಂದು ಬ್ರಾಕೆಟ್ಟು ಮುಚ್ಚಿದೆ.
ಮೇಜಿನ ಮೇಲೆ ಐದು ಕಿಲೋದ ಕಲ್ಲಿಟ್ಟರೆ
ಐದೇ ತೋರಿಸಿತು. ಹೆಮ್ಮೆಯಾಯಿತು, ಸುಳ್ಳು ಹೇಳಲಾರೆ.
ಹೊಸ ಚಿಪ್ಪನ್ನು ಪರ್ಸಿಗೆ ಹಾಕಿ
ಆಗಸ್ಟಿನ ಮೊದಲ ಬೆಳಗ್ಗೆ ಬಂದರಿಗೆ ಹೋದೆ.

ಬಂಗುಡೆ ಬುಟ್ಟಿ. ತಕ್ಕಡಿ ಹೇಳಿತು ಹನ್ನೆರಡು ನಾನೂರು.
ವಾರಿಜಕ್ಕ ಅತ್ತ ನೋಡಲೂ ಇಲ್ಲ. "ಹನ್ನೆರಡು."
ಬೋಟಿನ ರೈಟರು ಹನ್ನೆರಡೇ ಬರೆದುಕೊಂಡ.
ಮುಂದಿನದು ಒಂಬತ್ತು ಆರುನೂರು. "ಒಂಬತ್ತು ಇನ್ನೂರು."
ಯಾಕೆ ಹಾಗೆ ಅಂದೆ.
"ಈ ತಕ್ಕಡಿ ನಾನೂರು ಗ್ರಾಂ ಬಸುರಿ ಮಾರಾಯ್ತಿ,
ಬಂದಾಗಿನಿಂದ. ಹೆರುವುದೇ ಇಲ್ಲ."
ಸಾಲಿಗೆ ಸಾಲು ನಕ್ಕಿತು.
ಪರವೂರಿನ ಲಾರಿಯವರಿಗೂ ಕಳೆದು ಹೇಳುತ್ತೀರಾ ಎಂದರೆ
ಸೆರಗು ಬಿಗಿದು ಮುಂದಿನ ಬುಟ್ಟಿಗೆ ಹೋದಳು.

ಹಾಗಾದರೆ ಬ್ರಾಕೆಟ್ಟು ಇಲ್ಲಿತ್ತು,
ನಲವತ್ತು ಹೆಂಗಸರ ಬಾಯಲ್ಲಿ,
ಯಾವ ಫೈಲಿನಲ್ಲೂ ಘೋಷಿಸದೆ.
ನಾನು ಚಿಪ್ಪು ಬದಲಿಸಿದರೆ ತಕ್ಕಡಿ ನಿಜ ಹೇಳೀತು,
ಬಾಯಿ ಹಳೆಯ ನಾನೂರನ್ನು ಕಳೆದೇ ಕಳೆದೀತು,
ರೈಟರು ಅದನ್ನೇ ಬರೆದಾನು.
ಬಾಯಿಯನ್ನು ಮರಳಿ ಕಂಪೈಲ್ ಮಾಡುವವರು ಯಾರು?

ಮಾಳಿಗೆಗೆ ವಾಪಸು ಬಂದು
ಹೊಸ ಹೆಸರಿನ ಹೊಸ ಮ್ಯಾಕ್ರೊ ಬರೆದೆ, ಎಲ್ಲ ಬ್ರಾಕೆಟ್ಟಿನ ಸಮೇತ,
ಇನ್ನು ಹುಟ್ಟುವ ತಕ್ಕಡಿಗಳಿಗೆ.
ಹಳೆಯದನ್ನು ಇದ್ದ ಹಾಗೆ ಬಿಚ್ಚಿಟ್ಟೆ.
ಸರ್ ಬರೆದ ಮುಟ್ಟಡೆಯ ಕೆಳಗೆ ಇಷ್ಟು ಸೇರಿಸಿದೆ:
ಇದರ ಉಳಿದರ್ಧ ಮಲ್ಪೆಯಲ್ಲಿದೆ.
ಬದಲಿಸುವ ಮೊದಲು ವಾರಿಜಕ್ಕನನ್ನು ಕೇಳಿ.

ಲಾರಿಯವರ ನಾನೂರು ಗ್ರಾಂ?
ಚಿಪ್ಪು ಇನ್ನೂ ಪರ್ಸಿನಲ್ಲಿದೆ.
ಬಸ್ಸಿಗೆ ಚಿಲ್ಲರೆ ಹುಡುಕುವಾಗೆಲ್ಲ
ಬೆರಳಿಗೆ ಚುಚ್ಚುತ್ತದೆ.