ಒಂದಡಿ ನೀರು

ಅಪಕೃತ್ಯ ಕಾನೂನು, ಎರಡನೆಯ ವರ್ಷ, ಸಮಸ್ಯೆ ನಾಲ್ಕು:
‘ಅ’ ಎಂಬಾತ ಕೆರೆದಂಡೆಯ ಬೆಂಚಿನ ಮೇಲೆ ಕೂತು
ಚಿಪ್ಸ್ ತಿನ್ನುತ್ತಿದ್ದಾನೆ.
‘ಬ’ ಎಂಬ ಮಗು, ಅವನಿಗೆ ಏನೂ ಆಗಬೇಕಿಲ್ಲದ ಮಗು,
ಒಂದಡಿ ನೀರಲ್ಲಿ ಮುಖ ಕೆಳಗಾಗಿ ಬಿದ್ದಿದೆ.
‘ಅ’ ನೋಡುತ್ತಾನೆ. ತಿನ್ನುತ್ತಾನೆ.
‘ಅ’ನಿಗೆ ಸಲಹೆ ನೀಡಿ. ಇಪ್ಪತ್ತೈದು ಅಂಕ.

ಈ ಕಾನೂನಿನ ಊರಲ್ಲಿ ಯಾರಿಗೂ ಹೆಸರಿಲ್ಲ.
ಏಣಿಯಿಂದ ಬೀಳುವುದು ಅಕ್ಷರ,
ನಾಯಿ ಕಚ್ಚಿಸಿಕೊಳ್ಳುವುದು ಅಕ್ಷರ,
ಹಳಸಿದ ಮಾಂಸದ ಕಡುಬು ತಿಂದು
ಆಸ್ಪತ್ರೆ ಸೇರುವುದೂ ಅಕ್ಷರವೇ.
ಮೊದಲ ವಾರ ನಗು ಬರುತ್ತಿತ್ತು.
ಹತ್ತನೆಯ ವಾರಕ್ಕೆ ಕೈ ಪಳಗಿತು:
‘ಕ’ನ ಕಾಲು ಮುರಿದರೆ ಸಾಕು,
ತಪ್ಪಿನಲ್ಲಿ ಅವನ ಪಾಲೆಷ್ಟು, ಶೇಕಡಾ ಇಪ್ಪತ್ತೋ ಮೂವತ್ತೋ,
ಚಹಾ ಆರುವುದರೊಳಗೆ ಹೇಳುತ್ತಿದ್ದೆ.

“ನೆರೆಯವನನ್ನು ನೋಯಿಸಬೇಡ ಅನ್ನುತ್ತದೆ ಕಾನೂನು,
ಬಿದ್ದ ನೆರೆಯವನನ್ನು ಎತ್ತು ಅನ್ನುವುದಿಲ್ಲ.
ಬರೆದುಕೊಳ್ಳಿ,” ಅಂದರು ಡಾಕ್ಟರ್ ಬೇನನ್.
ನೂರನಲವತ್ತು ಕೀಲಿಮಣೆಗಳ ಮೇಲೆ
ಆಲಿಕಲ್ಲು ಸುರಿಯಿತು.

ರಾತ್ರಿ ಕಾರ್ಡಿಫ್‌ನ ಗ್ರಂಥಾಲಯದ ಮೆಟ್ಟಿಲಿನಿಂದ
ತೈದ್‌ಗೆ ಫೋನು ಮಾಡಿದೆ.
(ವೇಲ್ಸಿನ ಬಡಗಣ ಕಡೆಯವರು ನಾವು, ಅಜ್ಜನನ್ನು ಹಾಗನ್ನುತ್ತೇವೆ.)
ಹಗಲು ಮನೆಗಳಿಗೆ ಬಣ್ಣ ಬಳಿದವನು,
ಸಂಬಳವಿಲ್ಲದೆ ಇಪ್ಪತ್ತಾರು ವರ್ಷ
ಜೀವರಕ್ಷಕ ದೋಣಿ ಹತ್ತಿದವನು.
ಪೇಜರ್ ಕೂಗಿದರೆ
ಚಮಚದ ಬಟಾಣಿ ಚಮಚದಲ್ಲೇ ಬಿಟ್ಟು ಓಡುತ್ತಿದ್ದ.
ಅಜ್ಜಿ ಬಯ್ಯುತ್ತಲೇ ಎದ್ದು
ತಟ್ಟೆಯ ಮೇಲೆ ತಟ್ಟೆ ಮುಚ್ಚಿ
ಬಿಸಿನೀರ ಪಾತ್ರೆಯ ಮೇಲಿಡುತ್ತಿದ್ದಳು.

ಸಮಸ್ಯೆ ನಾಲ್ಕನ್ನು ಓದಿ ಹೇಳಿದೆ.

“ಇಳಿತವೋ ಉಬ್ಬರವೋ?”
ಕೆರೆ, ತೈದ್. ಕೆರೆಗೆಲ್ಲಿಯ ಉಬ್ಬರ.
“ಗಾಳಿ?”
ಪ್ರಶ್ನೆಯಲ್ಲಿ ಕೊಟ್ಟಿಲ್ಲ.
“ಮಗುವಿನ ಕಾಲಲ್ಲಿ ಏನಿದೆ? ರಬ್ಬರ್ ಬೂಟಾದರೆ
ನೀರು ತುಂಬಿಕೊಂಡು ಭಾರವಾಗುತ್ತದೆ.”
ಕೊಟ್ಟಿಲ್ಲ.
“ಬಿದ್ದು ಎಷ್ಟು ಹೊತ್ತಾಯಿತು?”
ಅದೂ ಇಲ್ಲ, ತೈದ್.
“ಮತ್ತೆ ಇನ್ನೂ ಯಾಕೆ
ನನ್ನ ಹತ್ತಿರ ಮಾತಾಡುತ್ತ ನಿಂತಿದ್ದೀಯೆ?”

ಮೆಟ್ಟಿಲಿನ ಕೆಳಗೆ ಕಡಲಹಕ್ಕಿಯೊಂದು
ಯಾರೋ ಎಸೆದ ಕಾಗದದ ಪೊಟ್ಟಣ ಹರಿಯುತ್ತಿತ್ತು.
ಸಾವರಿಸಿಕೊಂಡು ಉಳಿದದ್ದನ್ನೂ ಹೇಳಿದೆ:
ಕೈ ಕಟ್ಟಿ ಕೂತವನಿಗೆ ತಪ್ಪಿಲ್ಲ.
ಎದ್ದು, ಇಳಿದು, ಎತ್ತಲು ಹೋಗಿ
ಇದ್ದದ್ದನ್ನು ಇನ್ನೂ ಕೆಡಿಸಿದರೆ
ಅವನ ಮೇಲೇ ದಾವೆ ಬರಬಹುದು.

ತೈದ್ ನಕ್ಕ. ಕೆಮ್ಮಿದ. ಮತ್ತೆ ನಕ್ಕ.
ಒಬ್ಬ ಬರ್ಮಿಂಗ್‌ಹ್ಯಾಮಿನವನಂತೆ, ಬಾಡಿಗೆಯ ಹಾಯಿದೋಣಿಯವ.
ಮಾರ್ಚ್ ತಿಂಗಳ ನೀರಿನಿಂದ ಎಳೆಯುವಾಗ
ಅವನ ಭುಜದ ಕೀಲು ತಪ್ಪಿತಂತೆ.
ಮೂರು ವಾರಕ್ಕೆ ಕಾಗದ ಬಂತು.
ಭುಜದ ಮಾತೇ ಇಲ್ಲ.
ಒಂದು ಬೂಟು. ಎಡಗಾಲಿನದು, ಕಂದು, ಒಂಬತ್ತನೇ ಅಳತೆ.
“ಏನು ಮಾಡಿದಿರಿ?”
“ಹುಡುಕಿದೆವು. ಎರಡು ಇಳಿತ ಪೂರ್ತಿ ಹುಡುಕಿದೆವು.”

ಬರೆದೆ. ‘ಅ’ನಿಗೆ ಹೊಣೆಯಿಲ್ಲ.
ಅವನು ಅಪ್ಪನಲ್ಲ, ಮೇಷ್ಟ್ರಲ್ಲ,
ಕೆರೆ ಕಾಯಲು ಕೂಲಿ ಪಡೆದವನಲ್ಲ,
ಮಗುವನ್ನು ದೂಡಿದವನೂ ಅಲ್ಲ.
ಅಡಿಗೆ ಪೂರ್ವನಿರ್ಣಯಗಳು, ಇಸವಿ ಸಮೇತ.
ನ್ಯಾಯಾಲಯದಲ್ಲಿ ‘ಅ’ ಗೆಲ್ಲುತ್ತಾನೆ.
ಚಿಪ್ಸ್ ಮುಗಿಸಬಹುದು.

ಇಪ್ಪತ್ತೈದಕ್ಕೆ ಹದಿನೇಳು.
ಮೂರನೆಯ ಪುಟದ ಅಂಚಿನಲ್ಲಿ
ಬೇನನ್ ಅವರ ಸೀಸದಕಡ್ಡಿ:
‘ನೀರಿನ ತಣುಪು, ಬೂಟಿನ ಭಾರ, ಅಪ್ರಸ್ತುತ.’
ಅಡಿಗೆರೆ ಎರಡು.
ನೋಡಿದರೆ, ಹೌದು, ನಾನೇ ಬರೆದಿದ್ದೆ.
ಯಾವಾಗ ಬರೆದೆನೋ ತಿಳಿಯದು.